ಮುಗಿಸುವ ಓದು, ಮೆಲುಕು ಹಾಕುವ ಓದು

ಹೋದ ತಿಂಗಳು ಈ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಬೈಬಲ್ ಓದಿ ಹಾಗೇ ಮುಚ್ಚಿಡಬೇಡಿ, ಓದಿದ್ದರ ಬಗ್ಗೆ ದಿನಾ ಒಂದೆರಡು ಸಾಲು ಬರೆದಿಡಿ, ಆಗ ಓದು ಒಳಗೆ ಇಳಿಯುತ್ತದೆ ಅಂತ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಓದಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರು, ಏರಿಯಾ ಮಾತ್ರ ಕೊಟ್ಟಿದ್ದೇನೆ.

ಅಕ್ಕಾ, ಪ್ರತಿ ವರ್ಷ ಜನವರಿ 1ಕ್ಕೆ ‘ಒಂದು ವರ್ಷದಲ್ಲಿ ಇಡೀ ಬೈಬಲ್’ ಅಂತ ಶುರು ಮಾಡುತ್ತೇನೆ. ಆದಿಕಾಂಡ ಚೆನ್ನಾಗಿ ಓಡುತ್ತದೆ. ವಿಮೋಚನಾಕಾಂಡದಲ್ಲಿ ಗುಡಾರದ ಅಳತೆಗಳು ಬಂದಾಗ ನಿಧಾನವಾಗುತ್ತದೆ. ಯಾಜಕಕಾಂಡಕ್ಕೆ ಬಂದರೆ ನಿಂತೇ ಹೋಗುತ್ತದೆ. ಈ ಸಲವೂ ಫೆಬ್ರವರಿಯಲ್ಲೇ ಬಿಟ್ಟೆ. ಇದು ನಾಲ್ಕನೇ ವರ್ಷ. ಬೆಳಗ್ಗೆ ಮಗುವಿನ ಟಿಫನ್ ಡಬ್ಬಿ, ಆಮೇಲೆ ವೈಟ್‌ಫೀಲ್ಡ್‌ಗೆ ಮೆಟ್ರೊ, ರಾತ್ರಿ ಪುಸ್ತಕ ತೆಗೆದರೆ ನಿದ್ದೆ. ಭಾನುವಾರ ಚರ್ಚಿನಲ್ಲಿ ಕೂತಾಗ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. — ಓದುಗಿ, ವಿಜಯನಗರ

ಮೊದಲು ಲೆಕ್ಕ ನೋಡೋಣ. ನಮ್ಮ 66 ಪುಸ್ತಕಗಳ ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, 1189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಬೇಕು ಅಂದರೆ ದಿನಕ್ಕೆ ಮೂರೂಕಾಲು ಅಧ್ಯಾಯ. ಆದಿಕಾಂಡ 50, ವಿಮೋಚನಾಕಾಂಡ 40, ಅಲ್ಲಿಗೆ ಜನವರಿ ಮುಗಿಯುತ್ತದೆ. ಹಬ್ಬದ ಹುಮ್ಮಸ್ಸೂ ಮುಗಿದಿರುತ್ತದೆ, ಸರಿಯಾಗಿ ಆ ಹೊತ್ತಿಗೆ ಯಾಜಕಕಾಂಡದ ಬಲಿಗಳ ನಿಯಮ ಎದುರಾಗುತ್ತದೆ. ನೀವು ಒಬ್ಬರೇ ಅಲ್ಲ ಅಲ್ಲಿ ನಿಂತವರು. ನನಗೆ ಬಂದ ಪತ್ರಗಳಲ್ಲೇ ಇನ್ನೂ ಮೂರು ಜನ ಅದೇ ಜಾಗದಲ್ಲಿ ನಿಂತಿದ್ದಾರೆ.

ವರ್ಷದಲ್ಲಿ ಪೂರ್ತಿ ಓದುವುದು ಒಳ್ಳೆಯ ಅಭ್ಯಾಸವೇ. ಬಿಡುವಿದ್ದವರು ಮಾಡಲಿ. ಆದರೆ ನಿಮ್ಮ ಈಗಿನ ದಿನಚರಿಗೆ ಅದು ಹೊಂದುವುದಿಲ್ಲ, ಮತ್ತು ನೀವು ಹುಡುಕುತ್ತಿರುವುದೂ ಅದಲ್ಲ ಅಂತ ನನಗನಿಸುತ್ತದೆ. ಮೊದಲನೇ ಕೀರ್ತನೆಯಲ್ಲಿ, ಹಗಲೂ ರಾತ್ರಿಯೂ ದೇವರ ಮಾತನ್ನು ಧ್ಯಾನಿಸುವವನು ಧನ್ಯ ಅಂತ ಬರುತ್ತದಲ್ವಾ, ಅಲ್ಲಿ ಧ್ಯಾನ ಅನ್ನುವುದಕ್ಕೆ ಹೀಬ್ರೂ ಭಾಷೆಯಲ್ಲಿ ‘ಹಾಗಾ’ ಅನ್ನುವ ಪದವಿದೆ. ಬಾಯಲ್ಲಿ ಮೆಲ್ಲಗೆ ಹೇಳಿಕೊಳ್ಳುವುದು, ಗುನುಗುವುದು ಅಂತ ಅರ್ಥ. ಯೆಶಾಯ 31:4ರಲ್ಲಿ ಸಿಂಹ ತನ್ನ ಬೇಟೆಯ ಮೇಲೆ ನಿಂತು ಗುರುಗುಟ್ಟುತ್ತದೆ, ಕುರುಬರು ಎಷ್ಟು ಕೂಗಿದರೂ ಬಿಡುವುದಿಲ್ಲ. ಅಲ್ಲಿಯೂ ಇದೇ ಪದ. ಸಿಕ್ಕಿದ್ದನ್ನು ಬಿಡದೆ ಹಿಡಿದುಕೊಂಡು, ಅದರ ಜೊತೆ ದನಿ ಮಾಡುತ್ತಾ ಇರುವುದು. 12ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಎರಡನೇ ಗೀಗೊ ಅನ್ನುವ ಸನ್ಯಾಸಿ ಇದನ್ನೇ ಊಟಕ್ಕೆ ಹೋಲಿಸಿದರು. ಓದುವುದು ತುತ್ತನ್ನು ಬಾಯಿಗಿಡುವುದು, ಧ್ಯಾನ ಅದನ್ನು ಅಗಿಯುವುದು, ಪ್ರಾರ್ಥನೆ ಅದರ ರುಚಿ ತೆಗೆಯುವುದು, ಕೊನೆಗೆ ಸುಮ್ಮನೆ ದೇವರ ಮುಂದೆ ಇರುವುದು ಆ ಸಿಹಿಯೇ. ನಮ್ಮ ಕನ್ನಡದಲ್ಲಿ ಇದಕ್ಕೆ ಯಾರೂ ಹೊಸ ಪದ ಹುಡುಕಬೇಕಿಲ್ಲ. ಮೆಲುಕು ಹಾಕುವುದು ಅಂತೀವಿ. ಹಸು ಹೊಲದಲ್ಲಿ ಮೇಯುವಾಗ ಅವಸರದಲ್ಲಿ ಮೇಯುತ್ತದೆ, ಆಮೇಲೆ ನೆರಳಲ್ಲಿ ಮಲಗಿ ಅದನ್ನೇ ಮತ್ತೆ ಬಾಯಿಗೆ ತಂದುಕೊಂಡು ಅಗಿಯುತ್ತದೆ. ಹಾಲಾಗುವುದಕ್ಕೆ ಆ ಎರಡನೇ ಅಗಿತ ಬೇಕು.

ನೀವು ನಾಲ್ಕು ವರ್ಷದಿಂದ ಬರೀ ಮೇಯುತ್ತಿದ್ದೀರಿ.

ಹಾಗಾಗಿ ಹೀಗೆ ಮಾಡಿ. ಮಾರ್ಕನ ಸುವಾರ್ತೆಯಿಂದ, ಅಂದರೆ ಮಾರ್ಕ ಬರೆದ ಯೇಸುವಿನ ಕಥೆಯಿಂದ ಶುರು ಮಾಡಿ, ಬರೀ 16 ಅಧ್ಯಾಯ. ದಿನಕ್ಕೆ ಒಂದು ಅಧ್ಯಾಯವೂ ಬೇಡ, ಒಂದು ಪ್ರಸಂಗ ಸಾಕು, ಐದಾರು ವಚನ. ಅಧ್ಯಾಯ ಅರ್ಧಕ್ಕೆ ನಿಲ್ಲಿಸಬಾರದು ಅಂತ ಕೆಲವರು ತಿಳಿದುಕೊಂಡಿದ್ದಾರೆ. ಈ ಅಧ್ಯಾಯಗಳನ್ನು ವಿಂಗಡಿಸಿದ್ದು 13ನೇ ಶತಮಾನದ ಶುರುವಿನಲ್ಲಿ ಸ್ಟೀಫನ್ ಲ್ಯಾಂಗ್ಟನ್ ಅನ್ನುವ ಇಂಗ್ಲೆಂಡಿನ ಧರ್ಮಗುರು, ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳನ್ನು ಹಾಕಿದ್ದು 1551ರಲ್ಲಿ ರಾಬರ್ಟ್ ಎಸ್ಟಿಯೆನ್ ಅನ್ನುವ ಮುದ್ರಕ. ಹುಡುಕಲು ಅನುಕೂಲವಾಗಲಿ ಅಂತ ಹಾಕಿದ ಗುರುತು ಅವು. ಎಲ್ಲಿ ಮನಸ್ಸು ನಿಲ್ಲುತ್ತದೋ ಅಲ್ಲೇ ನಿಲ್ಲಿಸಿ.

ವಿಜಯನಗರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ ಬರುವಷ್ಟರಲ್ಲಿ ಆ ಪ್ರಸಂಗ ಒಂದು ಸಲ ಓದಿ ಆಗುತ್ತದೆ. ಕಬ್ಬನ್ ಪಾರ್ಕ್ ಬರುವಷ್ಟರಲ್ಲಿ ಇನ್ನೊಂದು ಸಲ, ಈ ಸಲ ತುಟಿ ಅಲುಗುವ ಹಾಗೆ. ಎಂ.ಜಿ. ರಸ್ತೆ ಸ್ಟೇಷನ್ನಿನಲ್ಲಿ ಮೊಬೈಲ್ ಬ್ಯಾಗಿಗೆ ಹಾಕಿ. ಯಾವ ಮಾತು ಮನಸ್ಸಿನಲ್ಲಿ ಉಳಿದಿದೆ ನೋಡಿ. ವೈಟ್‌ಫೀಲ್ಡ್‌ವರೆಗೆ ಅದೊಂದೇ ನಿಮ್ಮ ಜೊತೆ ಬರಲಿ. ಆಫೀಸಿನಲ್ಲಿ ಕಂಪ್ಯೂಟರ್ ತೆರೆಯುವ ಮುಂಚೆ ಚಿಕ್ಕ ಪುಸ್ತಕದಲ್ಲಿ ಆ ಮಾತು ಮತ್ತು ಒಂದು ಸಾಲು ಬರೆಯಿರಿ. ಇಷ್ಟೇ.

ಜಾಗ, ಹೊತ್ತು ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಅಮ್ಮ ಓದುತ್ತಿದ್ದದ್ದು ಹಾಗೆ. ಬೆಳಗ್ಗೆ ಅನ್ನಕ್ಕೆ ಎಸರಿಟ್ಟು, ಅದು ಕುದಿಯುವವರೆಗೆ ಒಲೆಯ ಪಕ್ಕದ ಮಣೆಯ ಮೇಲೆ ಕೂತು ಓದುತ್ತಿದ್ದರು. ಎಸರಿನ ಸದ್ದು ಬಂದರೆ ಪುಸ್ತಕ ಮುಚ್ಚಿ ಅಕ್ಕಿ ಹಾಕುತ್ತಿದ್ದರು. ‘ಟೈಮ್ ಸಿಕ್ಕಾಗ ಓದುತ್ತೇನೆ’ ಅಂತ ಅವರು ಯಾವತ್ತೂ ಹೇಳಿದ್ದು ನಾನು ಕೇಳಿಲ್ಲ, ಎಸರು ದಿನಾ ಇಡಬೇಕಿತ್ತಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ ಒಂದು ಅಧ್ಯಯನ ಮಾಡಿದ್ದರು, 2009ರಲ್ಲಿ ಹೊರಬಂತು. ದಿನಾ ಆಗುವ ಒಂದು ಕೆಲಸದ ಬೆನ್ನಿಗೆ ಹೊಸದನ್ನು ಕಟ್ಟಿದಾಗ ಅದು ತಾನಾಗಿ ಆಗುವ ಅಭ್ಯಾಸವಾಗಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಅಂತ ಅಂದಾಜು. ನನಗೆ ತುಂಬಾ ಸಮಾಧಾನ ಕೊಟ್ಟದ್ದು ಇನ್ನೊಂದು ವಿಷಯ. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ. ಅದಕ್ಕೇ ಹೇಳುತ್ತೇನೆ, ತಪ್ಪಿದ ದಿನದ ಬಾಕಿ ತೀರಿಸಲು ಹೋಗಬೇಡಿ. ನಿನ್ನೆಯದು ನಿನ್ನೆಗೆ ಬಿಡಿ, ಇವತ್ತಿನ ಪ್ರಸಂಗ ಓದಿ. ಬಾಕಿ ಅನ್ನುವ ಭಾವನೆಯೇ ನಿಮ್ಮನ್ನು ನಾಲ್ಕು ಸಲ ನಿಲ್ಲಿಸಿದ್ದು.

ಯಾಜಕಕಾಂಡವನ್ನೂ ಕೈಬಿಡಬೇಡಿ. ಮಾರ್ಕ ಮುಗಿದ ಮೇಲೆ ಅದರ 19ನೇ ಅಧ್ಯಾಯ ಒಂದನ್ನೇ ತೆಗೆಯಿರಿ. ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡಿ, ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬೇಡಿ ಅಂತ ಇದೆ ಅಲ್ಲಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತೂ ಅಲ್ಲೇ, 18ನೇ ವಚನದಲ್ಲಿ. ಮನೆಕೆಲಸದವರ ಸಂಬಳದ ದಿನ ಅದನ್ನು ಓದಿ ನೋಡಿ.

ಆಂಟಿ, ನಾನು ಡಿಗ್ರಿ ಎರಡನೇ ವರ್ಷ. ಕೋರಮಂಗಲದ ಪಿಜಿಯಲ್ಲಿದ್ದೇನೆ. ನನ್ನ ಫ್ರೆಂಡ್ಸ್ ಬೈಬಲ್ ಡೈರಿ ಅಂತ ಬಣ್ಣಬಣ್ಣದ ಪೆನ್ನು, ಸ್ಟಿಕ್ಕರ್ ಎಲ್ಲ ಹಾಕಿ ಎಷ್ಟು ಚೆಂದ ಮಾಡುತ್ತಾರೆ. ನಾನೂ ದುಬಾರಿ ನೋಟ್‌ಬುಕ್ ತಂದೆ. ನಾಲ್ಕು ದಿನ ‘ದೇವರು ಒಳ್ಳೆಯವನು, ಇವತ್ತೂ ಸಹಾಯ ಮಾಡಿದ’ ಅಂತ ಒಂದೇ ಥರ ಬರೆದು ನಿಲ್ಲಿಸಿದೆ. ಏನು ಬರೆಯಬೇಕು ಅಂತಲೇ ಗೊತ್ತಾಗಲ್ಲ. ಮನೆಯಲ್ಲಿ ತಮಿಳು, ಸ್ಕೂಲಲ್ಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್, ಯಾವ ಭಾಷೆಯಲ್ಲಿ ಬರೆಯಲಿ? — ವಿದ್ಯಾರ್ಥಿನಿ, ಕೋರಮಂಗಲ

ನೀನು ಅಂತಲೇ ಬರೆಯುತ್ತೇನೆ, ಮಗಳ ವಯಸ್ಸು ನಿನ್ನದು.

ಬಣ್ಣ ಹಾಕುವವರು ಹಾಕಲಿ, ಕೈ ಆಡುತ್ತಿರುವಾಗ ಮನಸ್ಸು ನಿಲ್ಲುವವರಿದ್ದಾರೆ. ನಿನಗೆ ಆ ದುಬಾರಿ ಪುಸ್ತಕವೇ ಭಯ ಹುಟ್ಟಿಸುತ್ತಿದೆ ಅನಿಸುತ್ತದೆ, ಅದರಲ್ಲಿ ಚೆನ್ನಾಗಿರುವುದನ್ನೇ ಬರೆಯಬೇಕು ಅಂತ. ಅದನ್ನು ಎತ್ತಿಡು. ಅವೆನ್ಯೂ ರಸ್ತೆಗೆ ಹೋದರೆ 200 ಪುಟದ ಗೆರೆ ಹಾಕಿದ ಸಾದಾ ನೋಟ್‌ಬುಕ್ ಸಿಗುತ್ತದೆ, ಅದು ಸಾಕು. ತಪ್ಪು ಬರೆದು ಅಡ್ಡಗೆರೆ ಎಳೆಯಲು ಮನಸ್ಸಿಗೆ ಹಿಂಸೆಯಾಗದ ಪುಸ್ತಕ ಬೇಕು.

ಏನೂ ಹೊಳೆಯದಿದ್ದರೆ, ಮೊದಲು ಓದಿದ ವಚನವನ್ನು ಕೈಯಿಂದ ನಕಲು ಮಾಡು. ಧರ್ಮೋಪದೇಶಕಾಂಡ 17:18ರಲ್ಲಿ ಒಂದು ನಿಯಮವಿದೆ. ಇಸ್ರಾಯೇಲಿಗೆ ಅರಸನಾಗುವವನು ಸಿಂಹಾಸನದಲ್ಲಿ ಕೂತ ಮೇಲೆ ಧರ್ಮಶಾಸ್ತ್ರದ ಒಂದು ಪ್ರತಿಯನ್ನು ತನಗಾಗಿ ಬರೆದುಕೊಳ್ಳಬೇಕು, ಬದುಕಿರುವಷ್ಟು ದಿನ ಅದನ್ನು ಓದುತ್ತಿರಬೇಕು. ಕಣ್ಣು ಓಡಿದಷ್ಟು ಬೇಗ ಕೈ ಓಡುವುದಿಲ್ಲ. ಬರೆಯುವಾಗ ಪ್ರತಿ ಪದದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಅಲ್ಲಿ ಏನೋ ಒಂದು ತಡೆಯುತ್ತದೆ. ಆ ತಡೆದದ್ದನ್ನೇ ಬರೆ. ‘ಇದು ಅರ್ಥವಾಗಲಿಲ್ಲ’, ‘ಇದು ನನಗೆ ಇಷ್ಟವಾಗಲಿಲ್ಲ’, ‘ಇವನು ಯಾಕೆ ಹೀಗಂದ’, ಎಲ್ಲವೂ ಬರೆಯುವಂಥದ್ದೇ. ‘ದೇವರು ಒಳ್ಳೆಯವನು’ ಅನ್ನುವುದು ನಿಜ, ಆದರೆ ಆ ದಿನ ನೀನು ಓದಿದ್ದಕ್ಕೂ ಅದಕ್ಕೂ ಸಂಬಂಧ ಕಾಣುತ್ತಿಲ್ಲ. ಅದಕ್ಕೇ ನಾಲ್ಕು ದಿನವೂ ಒಂದೇ ವಾಕ್ಯ ಬಂತು.

ನನ್ನ ಪುಸ್ತಕದಿಂದ ಒಂದು ದಿನದ್ದು ಹಾಗೇ ಇಳಿಸುತ್ತೇನೆ. ಯೆರಿಕೋವಿನ ಕುರುಡ ಬಾರ್ತಿಮಾಯ ದಾರಿಬದಿ ಕೂತು ಯೇಸುವನ್ನು ಕೂಗುತ್ತಾನಲ್ಲ, ಆ ಪ್ರಸಂಗ.

‘ಮಂಗಳವಾರ. ಮಾರ್ಕ 10:46–52. ಸುತ್ತ ಇದ್ದವರು ಅವನಿಗೆ ಸುಮ್ಮನಿರು ಅಂತ ಗದರಿದರು. ಯೇಸು ನಿಂತು, ನಾನು ನಿನಗೆ ಏನು ಮಾಡಬೇಕು ಅಂತ ಕೇಳಿದ. ನಾನು ಈ ಕಥೆಯಲ್ಲಿ ಯಾರು? ನಿನ್ನೆ ಸೊಪ್ಪಿನಜ್ಜಿ ಎರಡು ಸಲ ಕೂಗಿದಾಗ ಟಿವಿ ಸೌಂಡ್ ಜಾಸ್ತಿ ಮಾಡಿದೆ. ನಾನು ಗದರಿದವರ ಕಡೆ ಇದ್ದೇನೆ. ನಾಳೆ ಕೂಗಿದರೆ ಬಾಗಿಲು ತೆಗೆಯಬೇಕು.’

ಅದರ ಕೆಳಗೆ ಗುರುವಾರದ ಒಂದು ಸಾಲಿದೆ. ‘ಸೊಪ್ಪಿನಜ್ಜಿ ಬಂದರು. ಮೊಮ್ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಂತೆ, ಪ್ರಾರ್ಥನೆ ಮಾಡಿ ಅಂದರು.’ ಆ ಹುಡುಗಿಗಾಗಿ ಆಮೇಲೆ ದಿನಾ ಪ್ರಾರ್ಥಿಸಿದ್ದೇನೆ.

ಭಾಷೆಯ ಬಗ್ಗೆ ಯೋಚನೆ ಬೇಡ. ನೀನು ಅಳುವಾಗ ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತೀಯೋ ಅದರಲ್ಲಿ ಬರೆ. ಒಂದೇ ಸಾಲಿನಲ್ಲಿ ತಮಿಳು ಕನ್ನಡ ಎರಡೂ ಬಂದರೆ ಬರಲಿ. ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯದಲ್ಲಿ ಪಂಚಾಶತ್ತಮ ಹಬ್ಬದ ದಿನ ಬೇರೆ ಬೇರೆ ದೇಶದಿಂದ ಬಂದವರು ಯೇಸುವಿನ ಶಿಷ್ಯರ ಮಾತನ್ನು ತಮ್ಮ ತಮ್ಮ ಹುಟ್ಟುಭಾಷೆಯಲ್ಲೇ ಕೇಳಿಸಿಕೊಂಡರು. ನಿಮ್ಮ ಪಿಜಿಯೂ ಸುಮಾರು ಹಾಗೇ ಇರಬೇಕು.

ತಿಂಗಳ ಕೊನೆಯ ಶನಿವಾರ ಹೊಸದೇನೂ ಓದಬೇಡ, ಬರೆದದ್ದನ್ನೇ ಮೊದಲಿಂದ ಓದು. ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ, ನನ್ನ ಪ್ರಕಾರ ಇದರಲ್ಲೇ ಹೆಚ್ಚು ಸಿಗುತ್ತದೆ. ಮೂರು ವಾರದ ಹಿಂದೆ ಯಾವುದಕ್ಕೆ ಹೆದರಿದ್ದೆ, ಅದು ಏನಾಯಿತು, ಯಾವ ಮಾತು ಮತ್ತೆ ಮತ್ತೆ ಬಂದಿದೆ ಅಂತ ಆಗ ಕಾಣುತ್ತದೆ. ಒಂದು ವಿಷಯ, ಪಿಜಿಯಲ್ಲಿ ಆ ಪುಸ್ತಕವನ್ನು ಬೀಗ ಇರುವ ಕಡೆ ಇಡು. ಬೇರೆಯವರು ಓದುತ್ತಾರೆ ಅನ್ನುವ ಅನುಮಾನ ಇದ್ದರೆ ಕೈ ನಿಜ ಬರೆಯುವುದಿಲ್ಲ.

ಅಕ್ಕ, ನಾನು ಬೀದರ್ ಕಡೆಯವನು. ಬೆಂಗಳೂರಿಗೆ ಬಂದು ಆರು ವರ್ಷ. ಹೊಸ ವರ್ಷದ ಆರಾಧನೆಯಲ್ಲಿ ಬೈಬಲ್ ವಚನ ಬರೆದಿಟ್ಟ ವಾಗ್ದಾನದ ಚೀಟಿ ತೆಗೆದಾಗ ಯೆರೆಮೀಯ 29:11 ಬಂತು, ದೇವರು ನಮಗೆ ನಿರೀಕ್ಷೆಯ ಭವಿಷ್ಯ ಕೊಡುತ್ತಾನೆ ಅಂತ. ಎಷ್ಟು ಸಂತೋಷಪಟ್ಟೆ. ಮಾರ್ಚ್‌ನಲ್ಲಿ ಫ್ಯಾಕ್ಟರಿಯಲ್ಲಿ ಕೆಲಸ ಹೋಯಿತು. ಈಗ ಆ ಚೀಟಿ ನೋಡಿದರೆ ಎದೆ ಹಿಂಡುತ್ತದೆ. ವಚನ ಸುಳ್ಳಾಯಿತಾ, ಇಲ್ಲಾ ನನ್ನ ನಂಬಿಕೆ ಕಮ್ಮಿಯಾ? — ಓದುಗ, ಪೀಣ್ಯ

ತಮ್ಮಾ, ಎರಡೂ ಅಲ್ಲ. ನಿಮಗೆ ಕಾಗದದ ಒಂದು ಸಾಲು ಸಿಕ್ಕಿದೆ, ಕಾಗದ ಪೂರ್ತಿ ಸಿಕ್ಕಿಲ್ಲ.

ಕಾಗದ ಅಂತ ಯಾಕಂದೆ ಅಂದರೆ ಯೆರೆಮೀಯ 29ನೇ ಅಧ್ಯಾಯ ನಿಜವಾಗಿಯೂ ಒಂದು ಕಾಗದ. ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಜನರನ್ನು ಸೆರೆಹಿಡಿದು ಬಾಬೆಲಿಗೆ ಒಯ್ದಿದ್ದ, ಕ್ರಿಸ್ತಪೂರ್ವ 597ರ ಸುಮಾರಿಗೆ. ಪ್ರವಾದಿ ಯೆರೆಮೀಯ ಊರಲ್ಲೇ ಉಳಿದಿದ್ದ, ಅಲ್ಲಿಂದ ಅವರಿಗೆ ಬರೆದು ಕಳಿಸಿದ. ಅದರ ಹಿಂದಿನ ಅಧ್ಯಾಯ ಓದಿ. ಹನನ್ಯ ಅನ್ನುವವನು ಎದ್ದು ನಿಂತು, ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಅಂತ ಸಾರುತ್ತಾನೆ. ಕೇಳುವುದಕ್ಕೆ ಎಷ್ಟು ಹಿತ ಅಲ್ವಾ. ಯೆರೆಮೀಯ ಬರೆದದ್ದು ಬೇರೆ. 70 ವರ್ಷ ಆಗುತ್ತದೆ ಅಂದ. ನಿಮ್ಮ ಚೀಟಿಯಲ್ಲಿರುವ 11ನೇ ವಚನದ ಹಿಂದಿನ ವಚನದಲ್ಲೇ ಆ 70 ಇದೆ. ಅಂದರೆ ಆ ಕಾಗದ ಓದಿದ ಹಿರಿಯರಲ್ಲಿ ಎಷ್ಟೋ ಜನ ವಾಪಸ್ ಹೋಗುವುದನ್ನು ಕಣ್ಣಾರೆ ನೋಡುವುದಿಲ್ಲ, ಅವರ ಮೊಮ್ಮಕ್ಕಳು ನೋಡುತ್ತಾರೆ.

ಹಾಗಾದರೆ ಅಲ್ಲಿಯವರೆಗೆ ಏನು ಮಾಡಬೇಕು? ಅದು 5ರಿಂದ 7ನೇ ವಚನದಲ್ಲಿದೆ, ನನಗೆ ಇಡೀ ಅಧ್ಯಾಯದಲ್ಲಿ ತುಂಬಾ ಇಷ್ಟವಾದ ಭಾಗ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವು ಸೇರಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ. ಬೀದರ್ ಬಿಟ್ಟು ಪೀಣ್ಯಕ್ಕೆ ಬಂದ ನಿಮಗೆ ಈ ಮಾತು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮದಲ್ಲದ ಊರಿನಲ್ಲಿ, ಬಾಡಿಗೆ ಮನೆಯಲ್ಲಿ, ಕೆಲಸ ಯಾವಾಗ ಬೇಕಾದರೂ ಹೋಗಬಹುದು ಅನ್ನುವ ಬದುಕಿನಲ್ಲಿ ದೇವರು ಬಿಟ್ಟುಹೋಗಿಲ್ಲ ಅಂತ ಆ ಕಾಗದ ಹೇಳುತ್ತದೆ. ಏಪ್ರಿಲ್‌ನಲ್ಲಿ ಕೆಲಸ ಸಿಗುತ್ತದೆ ಅಂತ ಹೇಳುವುದಿಲ್ಲ. ಹಾಗೆ ಹೇಳಿ ನಿಮಗೆ ಸಮಾಧಾನ ಮಾಡಲು ನನಗೂ ಮನಸ್ಸಾಗುತ್ತದೆ, ಆದರೆ ಅದು ಹನನ್ಯನ ಮಾತಾಗುತ್ತದೆ.

ವಾಗ್ದಾನದ ಚೀಟಿ ತೆಗೆಯುವುದು, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುವುದು, ಇವು ನಮ್ಮ ಮನೆಗಳಲ್ಲಿ ತಲೆಮಾರಿನಿಂದ ಬಂದಿವೆ. ಬಿಡಿ ಅಂತ ಹೇಳುವುದಿಲ್ಲ. ಚೀಟಿಯನ್ನು ಬಾಗಿಲು ಅಂದುಕೊಳ್ಳಿ, ಅಲ್ಲೇ ನಿಲ್ಲದೆ ಒಳಗೆ ಹೋಗಿ. ಬಂದ ವಚನವನ್ನು ನೋಟ್‌ಬುಕ್ಕಿನ ಮೇಲೆ ಬರೆದುಕೊಂಡು ಅದರ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದಿ. ಯಾರು ಹೇಳಿದ್ದು, ಯಾರಿಗೆ, ಅವರು ಆಗ ಯಾವ ಸ್ಥಿತಿಯಲ್ಲಿದ್ದರು ಅಂತ ಒಂದೊಂದು ಸಾಲು ಬರೆಯಿರಿ. ಆಮೇಲೆ ನಿಮ್ಮ ಸ್ಥಿತಿ ಬರೆಯಿರಿ. ಬಾಡಿಗೆ ಎಷ್ಟು ಬಾಕಿ ಇದೆ ಅನ್ನುವುದೂ ಸೇರಿ.

ಇನ್ನೊಂದು ಮಾತು. ಕೆಲಸ ಹೋದ ವಿಷಯ ನಿಮ್ಮ ಚರ್ಚಿನಲ್ಲಿ ನಾಲ್ಕು ಜನಕ್ಕೆ ಗೊತ್ತಾಗಲಿ. ಅವಮಾನ ಅಂದುಕೊಂಡು ಮುಚ್ಚಿಡಬೇಡಿ. ಪೀಣ್ಯದಲ್ಲಿ ಎಲ್ಲಿ ಆಳು ಬೇಕಾಗಿದ್ದಾರೆ ಅನ್ನುವುದು ಬಾಯಿಂದ ಬಾಯಿಗೇ ಗೊತ್ತಾಗುವುದು.

ಮೇಡಂ, ನಮ್ಮವರು ಹೋಗಿ ಎಂಟು ತಿಂಗಳಾಯಿತು. 31 ವರ್ಷದ ಸಂಸಾರ. ದಿನಾ ಮೂರು ಕೃತಜ್ಞತೆಯ ವಿಷಯ ಬರೆಯಿರಿ, ದುಃಖ ಕಡಿಮೆಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬೈಬಲ್ ತೆಗೆದರೆ ನನಗೆ ಸಿಟ್ಟು ಬರುತ್ತದೆ. ದೇವರ ಮೇಲೇ ಸಿಟ್ಟು. ಹೀಗೆ ಬರೆಯಬಹುದಾ? ಪಾಪ ಅಲ್ಲವಾ? — ಓದುಗಿ, ಫ್ರೇಜರ್ ಟೌನ್

ಬರೆಯಬಹುದು. ನಿಮಗಿಂತ ಮುಂಚೆ ಬರೆದವರಿದ್ದಾರೆ, ಅದು ಬೈಬಲ್ಲಿನಲ್ಲೇ ಇದೆ.

13ನೇ ಕೀರ್ತನೆ ತೆಗೆಯಿರಿ, ಬರೀ ಆರು ವಚನ. ಮೊದಲ ಎರಡು ವಚನದಲ್ಲೇ ನಾಲ್ಕು ಸಲ ‘ಇನ್ನೆಷ್ಟರವರೆಗೆ’ ಅಂತ ಕೀರ್ತನೆಗಾರ ದೇವರನ್ನು ಕೇಳುತ್ತಾನೆ. ಅದು ಕೊನೆಗೆ ಹಾಡಿಗೆ ತಿರುಗುತ್ತದೆ. ಆದರೆ 88ನೆಯದು ತಿರುಗುವುದೇ ಇಲ್ಲ. ಶುರುವಿನಿಂದ ಕೊನೆಯವರೆಗೂ ಕೂಗು, ಮುಗಿಯುವುದೂ ಕತ್ತಲೆಯಲ್ಲೇ. ಅದನ್ನು ಯಾರೂ ತೆಗೆದುಹಾಕಲಿಲ್ಲ, ಸಾವಿರಾರು ವರ್ಷದಿಂದ ಜನ ಅದನ್ನು ಪ್ರಾರ್ಥನೆ ಅಂತಲೇ ಓದುತ್ತಿದ್ದಾರೆ. ನಿಮ್ಮ ಸಿಟ್ಟನ್ನು ದೇವರ ಮುಂದೆ ಹೇಳಿದರೆ ಅದೂ ಪ್ರಾರ್ಥನೆಯೇ. ಕೃತಜ್ಞತೆ ತಾನಾಗಿ ಬಂದ ದಿನ ಬರೆಯಿರಿ. ಎಂಟು ತಿಂಗಳಿಗೆ ಯಾರೂ ಅದನ್ನು ನಿಮ್ಮ ಕೈಯಿಂದ ಬರೆಸಬಾರದು.

ಪ್ರಲಾಪಗಳು ಅನ್ನುವ ಪುಸ್ತಕ ಇದೆ. ಯೆರೂಸಲೇಮ್ ಹಾಳಾದದ್ದಕ್ಕೆ ಅತ್ತ ಐದು ಹಾಡುಗಳು. ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿವೆ, ನಮ್ಮಲ್ಲಿ ಅ, ಆ, ಇ, ಈ ಅಂತ ಒಂದೊಂದು ಅಕ್ಷರದಿಂದ ಸಾಲು ಶುರು ಮಾಡಿದ ಹಾಗೆ. ದುಃಖಕ್ಕೆ ತುದಿ ಮೊದಲು ಕಾಣದಾಗ, ಅಕ್ಷರಮಾಲೆಯನ್ನಾದರೂ ಹಿಡಿದುಕೊಂಡು ಹೋಗೋಣ ಅಂತ ಮಾಡಿರಬೇಕು. ನನ್ನ ತಮ್ಮ ತೀರಿಕೊಂಡಾಗ ನನಗೆ ಮೂರು ವಾರ ಬರೀ ತಾರೀಖು ಬರೆಯುವುದಷ್ಟೇ ಆಯಿತು. ಪುಟದ ಮೇಲೆ ತಾರೀಖು, ಕೆಳಗೆ ಖಾಲಿ. ಆಮೇಲೆ ಒಂದು ದಿನ ಹೀಗೆ ಶುರು ಮಾಡಿದೆ. ಅ, ಅವನ ಚಪ್ಪಲಿ ಇನ್ನೂ ಬಾಗಿಲಲ್ಲಿದೆ. ಆ, ಆಸ್ಪತ್ರೆಯ ಬಿಲ್ಲು ಬ್ಯಾಗಿನಲ್ಲೇ ಇದೆ. ಇ, ಇವತ್ತು ಅಮ್ಮ ಅವನ ಹೆಸರು ಹಿಡಿದು ನನ್ನನ್ನು ಕರೆದರು. ಈ, ಈ ಮನೆಯಲ್ಲಿ ಯಾರೂ ಸೀಟಿ ಹೊಡೆಯುವುದಿಲ್ಲ. ದಿನಕ್ಕೆ ಒಂದೇ ಅಕ್ಷರ. ‘ಹ’ ತಲುಪಲು ತುಂಬಾ ದಿನ ಬೇಕಾಯಿತು. ನಿಮಗೂ ಹೀಗೆ ಬರೆಯಲು ಆಗಬಹುದು, ಆಗದೆಯೂ ಇರಬಹುದು. ಆಗದಿದ್ದರೆ ತಾರೀಖು ಬರೆದು ಮುಚ್ಚಿಡಿ.

ಪ್ರವಾದಿ ಎಲೀಯ ಸಾಯುವುದೇ ಲೇಸು ಅಂತ ಅಡವಿಯಲ್ಲಿ ಒಂದು ಗಿಡದ ಕೆಳಗೆ ಮಲಗಿಬಿಟ್ಟಾಗ ದೇವದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು, ಎದ್ದು ತಿನ್ನು ಅಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ಅದನ್ನೇ ಹೇಳಿದ. ಅರಸುಗಳು ಮೊದಲನೇ ಪುಸ್ತಕ, 19ನೇ ಅಧ್ಯಾಯ. ನೀವು ಸರಿಯಾಗಿ ಊಟ ಮಾಡುತ್ತಿದ್ದೀರಾ? ನಿದ್ದೆ ಬರುತ್ತಿದೆಯಾ? ಬರದಿದ್ದರೆ, ಬದುಕೇ ಬೇಡ ಅನಿಸಿದರೆ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ ಅದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೀವು ಇನ್ನೊಂದು ಪತ್ರ ಬರೆದರೆ ನನಗೆ ನೆಮ್ಮದಿ.

ಮೇಡಂ, ನಾನು ಗೂಡ್ಸ್ ಗಾಡಿ ಓಡಿಸುತ್ತೇನೆ. ಏಳನೇ ಕ್ಲಾಸ್‌ವರೆಗೆ ಓದಿದ್ದು. ಓದುವುದು ನಿಧಾನ, ಬರೆಯುವುದು ಇನ್ನೂ ಕಷ್ಟ. ನನ್ನಂಥವನಿಗೆ ಇದೆಲ್ಲ ಆಗುತ್ತದಾ? — ಓದುಗ, ಯಶವಂತಪುರ

ಆಗುತ್ತದೆ ಅಣ್ಣಾ. ಹಿಂದಿನ ಕಾಲದಲ್ಲಿ ಬೈಬಲ್ಲನ್ನು ಜಾಸ್ತಿ ಜನ ಕಿವಿಯಿಂದಲೇ ತಿಳಿದುಕೊಂಡದ್ದು. ಧರ್ಮೋಪದೇಶಕಾಂಡ 6:7ರಲ್ಲಿ, ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ಹೋಗುವಾಗ, ಮಲಗುವಾಗ, ಏಳುವಾಗ ಈ ಮಾತುಗಳನ್ನು ಆಡುತ್ತಿರಿ ಅಂತ ಇದೆ. ದಾರಿಯಲ್ಲಿ ಇರುವುದೇ ನಿಮ್ಮ ಕೆಲಸ. ಮೊಬೈಲಿನಲ್ಲಿ ಕನ್ನಡ ಆಡಿಯೊ ಬೈಬಲ್ ಪುಕ್ಕಟೆ ಸಿಗುತ್ತದೆ, ಮಗನಿಗೋ ಮಗಳಿಗೋ ಹೇಳಿ ಹಾಕಿಸಿಕೊಳ್ಳಿ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇವೆ, ತಾರೀಖು ಎಷ್ಟೋ ಅಷ್ಟನೇ ಅಧ್ಯಾಯ ಕೇಳಿ. ಗಾಡಿ ಓಡಿಸುವಾಗ ಬೇಡ. ಎಪಿಎಂಸಿ ಯಾರ್ಡಿನಲ್ಲಿ ಲೋಡ್ ಇಳಿಸುವ ತನಕ ಕಾಯುತ್ತೀರಲ್ಲ, ಆಗ ಕೇಳಿ. ಹಿಡಿಸಿದ ಒಂದು ಮಾತನ್ನು ನಿಮ್ಮದೇ ಮಾತಿನಲ್ಲಿ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಿಡಿ, ಅರ್ಧ ನಿಮಿಷ ಸಾಕು. ಅದೇ ನಿಮ್ಮ ಡೈರಿ. ಭಾನುವಾರ ಸಂಜೆ ಹೆಂಡತಿ ಮಕ್ಕಳ ಜೊತೆ ಕೂತು ಆ ವಾರದ್ದೆಲ್ಲ ಕೇಳಿಸಿಕೊಳ್ಳಿ.

ಅಮ್ಮಾ, ನಾನು ಕ್ರೈಸ್ತನಲ್ಲ. ನಿವೃತ್ತ ಮೇಷ್ಟ್ರು, 68 ವರ್ಷ. ದಿನಾ ಬೆಳಗ್ಗೆ ಗೀತೆಯ ಒಂದೆರಡು ಶ್ಲೋಕ ಓದಿ ಅರ್ಥ ಬರೆದಿಡುವುದು ರೂಢಿ. ಬೈಬಲ್ಲನ್ನೂ ಹಾಗೇ ಓದುವ ಆಸೆ. ಎಲ್ಲಿಂದ ಶುರು ಮಾಡಲಿ? ಕನ್ನಡದ್ದು ಎಲ್ಲಿ ಸಿಗುತ್ತದೆ? — ಓದುಗರು, ಮಲ್ಲೇಶ್ವರ

ಮೇಷ್ಟ್ರೇ, ನಿಮ್ಮ ಪತ್ರ ನೋಡಿ ತುಂಬಾ ಖುಷಿಯಾಯಿತು. ನಾವೆಲ್ಲ ಇನ್ನೂ ಕಟ್ಟಿಕೊಳ್ಳಲು ಒದ್ದಾಡುತ್ತಿರುವ ಅಭ್ಯಾಸ ನಿಮಗೆ ಆಗಲೇ ಇದೆ.

ಎಂ.ಜಿ. ರಸ್ತೆಯಲ್ಲಿ ಬೈಬಲ್ ಸೊಸೈಟಿ ಇದೆ, ಅಲ್ಲಿ ವಿಚಾರಿಸಿ. ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಹಳೆಯ ಶೈಲಿಯದರಲ್ಲಿ ದೇವರ ಹೆಸರು ‘ಯೆಹೋವ’ ಅಂತ ಇರುತ್ತದೆ, ಈಗಿನ ಸರಳ ಕನ್ನಡದ ಒಂದರಲ್ಲಿ ‘ಸರ್ವೇಶ್ವರ’ ಅಂತ. ಕನ್ನಡ ಮೇಷ್ಟ್ರಾಗಿದ್ದರೆ ಎರಡನ್ನೂ ಕೊಳ್ಳಿ, ಅಕ್ಕಪಕ್ಕ ಇಟ್ಟು ಓದುವುದರಲ್ಲೇ ಎಷ್ಟೋ ತಿಳಿಯುತ್ತದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ವರ್ಷಗಟ್ಟಲೆ ಕೂತು ಮಾಡಿದ ಪೂರ್ತಿ ಕನ್ನಡ ಬೈಬಲ್ 1831ರಲ್ಲಿ ಮುದ್ರಣವಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಕನ್ನಡ ಎಷ್ಟು ಬದಲಾಗಿದೆ ಅನ್ನುವುದೂ ಈ ಅನುವಾದಗಳಲ್ಲಿ ಕಾಣುತ್ತದೆ.

ಲೂಕನ ಸುವಾರ್ತೆಯಿಂದ ಶುರು ಮಾಡಿ, 24 ಅಧ್ಯಾಯ. ಕಥೆ ಹೇಳುವುದರಲ್ಲಿ ಲೂಕ ನಿಧಾನಿ, ನಿಮಗೆ ಹಿಡಿಸುತ್ತಾನೆ. 15ನೇ ಅಧ್ಯಾಯದಲ್ಲಿ ಒಬ್ಬ ತಂದೆ, ಇಬ್ಬರು ಮಕ್ಕಳು ಬರುತ್ತಾರೆ. ಆಸ್ತಿ ಹಾಳು ಮಾಡಿ ಬಂದ ಕಿರಿಯವನಿಗೆ ಒಳಗೆ ಔತಣ ನಡೆಯುತ್ತಿರುತ್ತದೆ. ಮನೆಯಲ್ಲೇ ಇದ್ದು ದುಡಿದ ದೊಡ್ಡವನು ಸಿಟ್ಟಾಗಿ ಹೊರಗೇ ನಿಂತಿರುತ್ತಾನೆ, ಅಪ್ಪ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನಾ ಇಲ್ಲವಾ ಅಂತ ಲೂಕ ಬರೆದಿಲ್ಲ. ಆ ಅಧ್ಯಾಯ ಮುಗಿಸಿದ ದಿನ ನಿಮ್ಮ ಪುಸ್ತಕದಲ್ಲಿ ಏನು ಬರೆದಿರಿ ಅಂತ ನನಗೊಂದು ಪತ್ರ ಹಾಕಿ ಮೇಷ್ಟ್ರೇ, ಕಾಯುತ್ತಿರುತ್ತೇನೆ.